ಒಟ್ಟಿಗೆ ಹೊರಟ ನಕ್ಷತ್ರಗಳು

ಮೇ ತಿಂಗಳ ಎರಡನೆಯ ವಾರ ಬರುತ್ತಿದ್ದಂತೆ ಮಾಗಡಿ, ಕನಕಪುರದ ಸುತ್ತಿನ ಹಳ್ಳಿಗಳಲ್ಲಿ ಕೃತ್ತಿಕೆ ಮಳೆಯ ಮಾತು ಶುರುವಾಗುತ್ತದೆ. ತಿಂಗಳ ಕೊನೆಗೆ ರೋಹಿಣಿ ಮಳೆ. ಜುಲೈ ಇಪ್ಪತ್ತರ ಸುಮಾರಿಗೆ ಪುಷ್ಯ ಮಳೆ. ಹೊಲ ಉಳುವುದಕ್ಕೂ ರಾಗಿ ಬಿತ್ತುವುದಕ್ಕೂ ಕಳೆ ತೆಗೆಯುವುದಕ್ಕೂ ಈ ಹೆಸರುಗಳೇ ಲೆಕ್ಕ. ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲೂ ಮಳೆ ನಕ್ಷತ್ರಗಳ ತಾರೀಕು ತಪ್ಪದೆ ಅಚ್ಚಾಗಿರುತ್ತದೆ.

ಆದರೆ ‘ಆ ಕೃತ್ತಿಕೆ ಎಲ್ಲಿದೆ, ತೋರಿಸು ತಾತ’ ಎಂದು ಮೊಮ್ಮಗಳು ಮಳೆಗಾಲದ ಆರಂಭದಲ್ಲಿ ಕೇಳಿದರೆ ತಾತ ತೋರಿಸಲಾರ. ತಪ್ಪು ತಾತನದಲ್ಲ. ಮಳೆ ನಕ್ಷತ್ರವೆಂದರೆ ಆ ದಿನಗಳಲ್ಲಿ ಸೂರ್ಯ ಯಾವ ನಕ್ಷತ್ರದ ದಿಕ್ಕಿನಲ್ಲಿದ್ದಾನೋ ಅದು. ಸೂರ್ಯನ ಜೊತೆಯಲ್ಲೇ ಹುಟ್ಟಿ ಅವನ ಜೊತೆಯಲ್ಲೇ ಮುಳುಗುವ ನಕ್ಷತ್ರ ಕಣ್ಣಿಗೆ ಬೀಳುವುದಾದರೂ ಹೇಗೆ? ಕೃತ್ತಿಕೆಯನ್ನು ನೋಡಬೇಕಾದರೆ ಆರು ತಿಂಗಳು ಕಾಯಬೇಕು. ನವೆಂಬರ್ ತಿಂಗಳಲ್ಲಿ, ಕತ್ತಲಾದ ಸ್ವಲ್ಪ ಹೊತ್ತಿಗೆ, ಪೂರ್ವ ದಿಕ್ಕಿನಲ್ಲಿ ಒಂದು ಪುಟ್ಟ ಗೊಂಚಲು ಮೇಲೇರುತ್ತದೆ. ಒಳ್ಳೆಯ ಕಣ್ಣಿಗೆ ಆರು ಚುಕ್ಕಿ, ಇನ್ನೂ ಒಳ್ಳೆಯ ಕಣ್ಣಿಗೆ ಏಳು. ಅದೇ ಕೃತ್ತಿಕೆ.

ಈ ಮೂರು ಮಳೆ ನಕ್ಷತ್ರಗಳಲ್ಲಿ ಒಂದು ವಿಶೇಷವಿದೆ. ಕೃತ್ತಿಕೆ ಒಂದು ನಕ್ಷತ್ರವಲ್ಲ, ನಕ್ಷತ್ರಗಳ ಗುಂಪು. ರೋಹಿಣಿಯ ಹಿಂದೆ ‘ವಿ’ ಆಕಾರದಲ್ಲಿ ಇನ್ನೊಂದು ಗುಂಪಿದೆ. ಪುಷ್ಯದ ಪಕ್ಕದಲ್ಲಿ, ಕತ್ತಲ ರಾತ್ರಿಯಲ್ಲಿ ಮಾತ್ರ ಕಾಣುವ, ಮಂಜಿನ ಬಿಳಿ ಮಚ್ಚೆಯಂಥ ಮೂರನೆಯ ಗುಂಪಿದೆ. ಖಗೋಳ ವಿಜ್ಞಾನದಲ್ಲಿ ಇವಕ್ಕೆ ತೆರೆದ ತಾರಾಗುಚ್ಛಗಳು ಎಂದು ಹೆಸರು. ಇಂಥವು ನಮ್ಮ ಆಕಾಶಗಂಗೆಯಲ್ಲಿ ಇನ್ನೆಷ್ಟಿವೆ? ಹೊಸದನ್ನು ಹುಡುಕುವುದು ಹೇಗೆ? ಹುಡುಕಿದ್ದು ನಿಜವಾದ ಗುಂಪೇ ಎಂದು ತಿಳಿಯುವುದು ಹೇಗೆ? ಕಳೆದ ಕೆಲವು ವರ್ಷಗಳಲ್ಲಿ ಈ ಪ್ರಶ್ನೆಗಳಿಗೆ ಸಿಕ್ಕ ಉತ್ತರಗಳು ಬಹಳ ಸ್ವಾರಸ್ಯವಾಗಿವೆ.

ಬೆಟ್ಟಕ್ಕಿಂತ ಎಳೆಯ ನಕ್ಷತ್ರಗಳು

ನಕ್ಷತ್ರಗಳು ಒಂಟಿಯಾಗಿ ಹುಟ್ಟುವುದು ಕಡಿಮೆ. ಅನಿಲ ಮತ್ತು ಧೂಳಿನ ದೊಡ್ಡ ಮೋಡವೊಂದು ತನ್ನದೇ ಗುರುತ್ವದಿಂದ ಕುಸಿದಾಗ ಅದು ತುಂಡು ತುಂಡಾಗಿ, ಒಂದೊಂದು ತುಂಡೂ ಒಂದೊಂದು ನಕ್ಷತ್ರವಾಗುತ್ತದೆ. ಹೀಗೆ ಒಂದೇ ಮೋಡದಿಂದ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಹುಟ್ಟಿದ ನೂರಾರು, ಕೆಲವೊಮ್ಮೆ ಸಾವಿರಾರು ನಕ್ಷತ್ರಗಳು ಪರಸ್ಪರ ಸೆಳೆತದಿಂದ ಜೊತೆಯಾಗಿರುತ್ತವೆ. ಬರಿಗಣ್ಣಿಗೆ ಆರೇಳೇ ಕಂಡರೂ ಕೃತ್ತಿಕೆಯಲ್ಲಿ ಸಾವಿರಕ್ಕೂ ಹೆಚ್ಚು ನಕ್ಷತ್ರಗಳಿವೆ.

ಈ ಸೆಳೆತ ಗಟ್ಟಿಯದಲ್ಲ. ಗುಚ್ಛವು ಆಕಾಶಗಂಗೆಯ ಕೇಂದ್ರವನ್ನು ಸುತ್ತುವಾಗ ದಾರಿಯಲ್ಲಿ ಸಿಕ್ಕುವ ದೊಡ್ಡ ಮೋಡಗಳು, ಆಕಾಶಗಂಗೆಯ ಒಟ್ಟು ಗುರುತ್ವ, ಗುಚ್ಛದೊಳಗೇ ನಡೆಯುವ ತಳ್ಳಾಟ ಎಲ್ಲ ಸೇರಿ ಒಂದೊಂದೇ ನಕ್ಷತ್ರವನ್ನು ಹೊರಕ್ಕೆ ಎಳೆಯುತ್ತವೆ. ಹೆಚ್ಚಿನ ಗುಚ್ಛಗಳು ಕೆಲವು ಹತ್ತು ಕೋಟಿ ವರ್ಷಗಳಲ್ಲಿ ಚದುರಿಹೋಗುತ್ತವೆ. ಲಕ್ಷಗಟ್ಟಲೆ ನಕ್ಷತ್ರಗಳು ಚೆಂಡಿನಂತೆ ಒತ್ತಾಗಿ ಸೇರಿ, ಸಾವಿರ ಕೋಟಿ ವರ್ಷ ಕಳೆದರೂ ಬಿಡಿಸಿಕೊಳ್ಳದ ಗೋಳಗುಚ್ಛಗಳು ಬೇರೆ ಜಾತಿಯವು. ತೆರೆದ ಗುಚ್ಛಗಳು ಅಷ್ಟು ಒತ್ತಾಗಿಲ್ಲ. ಅವುಗಳ ಹೆಸರಿನಲ್ಲಿರುವ ‘ತೆರೆದ’ ಎಂಬ ಮಾತಿಗೆ ಇದೇ ಅರ್ಥ.

ಕೋಟಿ ವರ್ಷ ಎಂದರೆ ಮನಸ್ಸಿಗೆ ಹತ್ತುವುದು ಕಷ್ಟ. ಅದಕ್ಕೆ ರಾಮನಗರದಲ್ಲೇ ಒಂದು ಅಳತೆಗೋಲಿದೆ. ರಾಮದೇವರ ಬೆಟ್ಟವೂ ಸುತ್ತಲಿನ ಬೋಳು ಬಂಡೆಗಳೂ ಯಾವ ಶಿಲೆಯಿಂದಾದವೋ ಅದಕ್ಕೆ ಭೂವಿಜ್ಞಾನಿಗಳು ಇಟ್ಟ ಹೆಸರು ಕ್ಲೋಸ್‌ಪೇಟೆ ಗ್ರಾನೈಟ್. ಕ್ಲೋಸ್‌ಪೇಟೆ ಎಂಬುದು ಬ್ರಿಟಿಷರ ಕಾಲದಲ್ಲಿ ರಾಮನಗರಕ್ಕಿದ್ದ ಹೆಸರು. ಈ ಕಲ್ಲಿನ ವಯಸ್ಸು ಸುಮಾರು 250 ಕೋಟಿ ವರ್ಷ. ಕೃತ್ತಿಕೆಯ ವಯಸ್ಸು ಸುಮಾರು 12 ಕೋಟಿ ವರ್ಷ. ರೋಹಿಣಿಯ ಹಿಂದಿನ ಗುಂಪು, ಪುಷ್ಯದ ಪಕ್ಕದ ಗುಂಪು, ಇವೆರಡಕ್ಕೂ 65ರಿಂದ 70 ಕೋಟಿ ವರ್ಷದ ಆಸುಪಾಸು. ಎಂದರೆ ರಾಮನಗರದ ಬಂಡೆ ಗಟ್ಟಿಯಾದಾಗ ಆಕಾಶದಲ್ಲಿ ಕೃತ್ತಿಕೆಯೇ ಇರಲಿಲ್ಲ. ಬೆಟ್ಟ ಮುದುಕ, ಮೇಲಿನ ನಕ್ಷತ್ರಗಳು ಮಕ್ಕಳು!

ಎಲ್ಲ ಗುಚ್ಛಗಳೂ ಎಳೆಯವಲ್ಲ. ಕರ್ಕಾಟಕ ರಾಶಿಯಲ್ಲಿರುವ ಎಂ 67 ಎಂಬ ಗುಚ್ಛಕ್ಕೆ ಸುಮಾರು 400 ಕೋಟಿ ವರ್ಷ. ಆಕಾಶದ ಉತ್ತರ ಧ್ರುವದ ಹತ್ತಿರವಿರುವ ಎನ್‌ಜಿಸಿ 188ಕ್ಕೆ 600 ಕೋಟಿಗೂ ಮೇಲೆ. ಇವು ನಮ್ಮ ಬಂಡೆಗಿಂತಲೂ ಹಳಬರು. ಆದರೆ ಇಂಥ ದೀರ್ಘಾಯುಗಳು ಬಹಳ ಕಡಿಮೆ.

ಒಂದೇ ಮೊಟ್ಟೆ ಹಾಳೆಯ ಹುಳುಗಳು

ಇಂಥ ಗುಂಪುಗಳನ್ನು ಹುಡುಕಿ ಆಗುವುದೇನು ಎಂದು ಯಾರಾದರೂ ಕೇಳಬಹುದು. ರೇಷ್ಮೆ ಬೆಳೆಯುವ ಮನೆಯ ಮಕ್ಕಳಿಗೆ ಇದನ್ನು ಸುಲಭವಾಗಿ ಹೇಳಬಹುದು. ಒಂದೇ ಮೊಟ್ಟೆ ಹಾಳೆಯಿಂದ ಒಂದೇ ದಿನ ಹೊರಬಂದ ಹುಳುಗಳನ್ನು ಒಂದೇ ತಟ್ಟೆಯಲ್ಲಿ ಸಾಕಿದರೆ ಎಲ್ಲಕ್ಕೂ ವಯಸ್ಸು ಒಂದೇ, ತಿಂದ ಸೊಪ್ಪೂ ಒಂದೇ. ಅವುಗಳಲ್ಲಿ ಕೆಲವು ಬೇಗ ಹಣ್ಣಾಗಿ ಚಂದ್ರಿಕೆ ಹತ್ತಿದರೆ ವಯಸ್ಸಿನ ವ್ಯತ್ಯಾಸವೆಂದು ಹೇಳಿ ತಪ್ಪಿಸಿಕೊಳ್ಳುವಂತಿಲ್ಲ. ಬೇರೆ ಕಾರಣ ಹುಡುಕಬೇಕು.

ತಾರಾಗುಚ್ಛವೂ ಹಾಗೆಯೇ. ಅದರ ನಕ್ಷತ್ರಗಳೆಲ್ಲ ಒಂದೇ ವಯಸ್ಸಿನವು, ಒಂದೇ ದ್ರವ್ಯದಿಂದ ಆದವು, ನಮ್ಮಿಂದ ಹೆಚ್ಚುಕಡಿಮೆ ಒಂದೇ ದೂರದಲ್ಲಿರುವವು. ಅವುಗಳಲ್ಲಿ ಉಳಿದ ಮುಖ್ಯ ವ್ಯತ್ಯಾಸ ಒಂದೇ, ತೂಕ. ಹೆಚ್ಚು ದ್ರವ್ಯವಿರುವ ನಕ್ಷತ್ರ ತನ್ನ ಇಂಧನವನ್ನು ದುಂದು ಮಾಡಿ ಬೇಗ ಮುಗಿಸುತ್ತದೆ. ಕಡಿಮೆ ದ್ರವ್ಯದ್ದು ಮಿತವಾಗಿ ಉರಿದು ಬಹುಕಾಲ ಬಾಳುತ್ತದೆ. ಆದ್ದರಿಂದ ಒಂದು ಗುಚ್ಛದಲ್ಲಿ ಎಷ್ಟು ತೂಕದವರೆಗಿನ ನಕ್ಷತ್ರಗಳು ಇನ್ನೂ ಉಳಿದಿವೆ ಎಂದು ನೋಡಿದರೆ ಅದರ ವಯಸ್ಸು ಗೊತ್ತಾಗುತ್ತದೆ. ನಕ್ಷತ್ರಗಳ ಹುಟ್ಟು, ಬಾಳು, ಸಾವುಗಳ ಬಗ್ಗೆ ನಮಗೆ ತಿಳಿದಿರುವುದರಲ್ಲಿ ದೊಡ್ಡ ಪಾಲು ಗುಚ್ಛಗಳಿಂದ ಬಂದದ್ದು. 1930ರಲ್ಲಿ ರಾಬರ್ಟ್ ಟ್ರಂಪ್ಲರ್ ನೂರು ತೆರೆದ ಗುಚ್ಛಗಳನ್ನು ಅಳೆದು ಹೋಲಿಸಿದ. ನಕ್ಷತ್ರಗಳ ನಡುವಿನ ಜಾಗ ಖಾಲಿಯಲ್ಲ, ಅಲ್ಲಿರುವ ಧೂಳು ದೂರದ ಬೆಳಕನ್ನು ಮಬ್ಬಾಗಿಸುತ್ತದೆ ಎಂಬುದು ಖಚಿತವಾದದ್ದು ಆಗಲೇ.

ರಾಗಿ ಕಾಳಿನ ಪಾಠ

1610ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಗೆಲಿಲಿಯೊ, ತನ್ನ ಪುಟ್ಟ ದೂರದರ್ಶಕದಲ್ಲಿ ಕಂಡ ಕೃತ್ತಿಕೆಯ 36 ನಕ್ಷತ್ರಗಳ ಚಿತ್ರ ಬರೆದ. ಪುಷ್ಯದ ಬಳಿಯ ಬಿಳಿ ಮಚ್ಚೆಯೂ ಅವನಿಗೆ ಬಿಡಿ ನಕ್ಷತ್ರಗಳಾಗಿ ಕಂಡಿತು. ಆಮೇಲೆ ಫ್ರಾನ್ಸಿನ ಮೆಸ್ಯೆ ಪಟ್ಟಿ ಮಾಡಿದ. 1783ರಲ್ಲಿ ಕ್ಯಾರೊಲಿನ್ ಹರ್ಷೆಲ್ ಎಂಬ ಮಹಿಳೆ ಎನ್‌ಜಿಸಿ 7789 ಎಂದು ಈಗ ಕರೆಯುವ ಸುಂದರ ಗುಚ್ಛವನ್ನು ಮೊದಲು ಕಂಡಳು. ಆಗೆಲ್ಲ ಕಂಡುಹಿಡಿಯುವುದೆಂದರೆ ಕಣ್ಣಿಟ್ಟು ನೋಡುವುದು. ನಕ್ಷತ್ರಗಳು ಒತ್ತಾಗಿ ಕಂಡರೆ ಅದು ಗುಚ್ಛ.

ಆದರೆ ಒತ್ತಾಗಿ ಕಂಡ ಮಾತ್ರಕ್ಕೆ ಅವು ಬಂಧುಗಳೇ? ಇಂಗ್ಲೆಂಡಿನ ಜಾನ್ ಮಿಚೆಲ್ ಎಂಬ ಪಾದ್ರಿ 1767ರಲ್ಲಿ ಈ ಪ್ರಶ್ನೆ ಎತ್ತಿದ. ಆಕಾಶದಲ್ಲಿ ನಕ್ಷತ್ರಗಳನ್ನು ಮನಬಂದಂತೆ ಎರಚಿದರೆ ಕೃತ್ತಿಕೆಯ ಆರು ಪ್ರಕಾಶಮಾನ ನಕ್ಷತ್ರಗಳು ಇಷ್ಟು ಹತ್ತಿರ ಬಂದು ಬೀಳುವ ಸಂಭವ ಎಷ್ಟು ಎಂದು ಲೆಕ್ಕ ಹಾಕಿದ. ಐದು ಲಕ್ಷದಲ್ಲಿ ಒಂದು ಎಂಬಷ್ಟು ಸಣ್ಣ ಉತ್ತರ ಬಂತು. ಹಾಗಾದರೆ ಇದು ಆಕಸ್ಮಿಕವಲ್ಲ, ಇವುಗಳಿಗೆ ಒಂದಕ್ಕೊಂದು ಸಂಬಂಧವಿದೆ ಎಂದು ಅವನು ಹೇಳಿದ. ಅವನ ಮಾತು ನಿಜವಾಯಿತು.

ಕೃತ್ತಿಕೆಯಂಥ ಎದ್ದುಕಾಣುವ ಗುಂಪಿಗೆ ಈ ಲೆಕ್ಕ ಸಾಕು. ಮಸುಕಾದ ಗುಂಪುಗಳಲ್ಲಿ ಮೋಸಹೋಗುವುದು ಬಹಳ ಸುಲಭ. ಇದನ್ನು ಮನೆಯಲ್ಲೇ ಮಾಡಿ ನೋಡಬಹುದು. ಒಂದು ಹಾಳೆಯ ಮೇಲೆ ಅಡ್ಡ ಹತ್ತು, ಉದ್ದ ಹತ್ತು, ಒಟ್ಟು ನೂರು ಚೌಕ ಎಳೆಯಿರಿ. ಸೊನ್ನೆಯಿಂದ ಒಂಬತ್ತರವರೆಗೆ ಹತ್ತು ಚೀಟಿ ಬರೆದು ಡಬ್ಬಿಗೆ ಹಾಕಿ. ಒಂದು ಚೀಟಿ ಎತ್ತಿದರೆ ಅಡ್ಡ ಸಾಲು, ಅದನ್ನು ಮತ್ತೆ ಹಾಕಿ ಕುಲುಕಿ ಇನ್ನೊಂದು ಎತ್ತಿದರೆ ಉದ್ದ ಸಾಲು. ಬಂದ ಚೌಕದಲ್ಲಿ ಒಂದು ರಾಗಿ ಕಾಳು ಇಡಿ. ಹೀಗೆ ನೂರು ಕಾಳು ಇಡಿ. ಚೌಕಕ್ಕೊಂದು ಕಾಳು ಸಮನಾಗಿ ಹಂಚಿಕೆಯಾಗುತ್ತದೆ ಎಂದುಕೊಂಡಿದ್ದರೆ ಆಶ್ಚರ್ಯ ಕಾದಿದೆ. ಸಂಭವನೀಯತೆಯ ಗಣಿತದ ಪ್ರಕಾರ ಸರಾಸರಿ 37 ಚೌಕಗಳು ಖಾಲಿ ಉಳಿಯುತ್ತವೆ. ಎಂಟು ಚೌಕಗಳಲ್ಲಿ ಮೂರು ಅಥವಾ ಹೆಚ್ಚು ಕಾಳುಗಳು ಗುಂಪುಗೂಡುತ್ತವೆ. ಯಾರೂ ಗುಂಪು ಮಾಡಲಿಲ್ಲ, ಆದರೂ ಗುಂಪಾಯಿತು!

ಆಕಾಶದಲ್ಲೂ ಹೀಗೆಯೇ. ಮೆಸ್ಯೆ ತನ್ನ ಪಟ್ಟಿಯಲ್ಲಿ 73ನೆಯದಾಗಿ ಸೇರಿಸಿದ್ದು ಕುಂಭ ರಾಶಿಯ ನಾಲ್ಕು ನಕ್ಷತ್ರಗಳ ಪುಟ್ಟ ಗುಂಪನ್ನು. ಅದು ಗುಚ್ಛವೋ ಅಲ್ಲವೋ ಎಂಬ ಚರ್ಚೆ ಬಹುಕಾಲ ನಡೆಯಿತು. 2002ರಲ್ಲಿ ಅವುಗಳ ಚಲನೆಯನ್ನು ಸರಿಯಾಗಿ ಅಳೆದಾಗ ಒಂದೊಂದೂ ಒಂದೊಂದು ಕಡೆಗೆ ಹೋಗುತ್ತಿರುವುದು ಗೊತ್ತಾಯಿತು. ಬಸ್ ನಿಲ್ದಾಣದಲ್ಲಿ ಒಟ್ಟಿಗೆ ನಿಂತ ಮಾತ್ರಕ್ಕೆ ಎಲ್ಲರೂ ಒಂದೇ ಊರಿನವರೆ?

ರೋಹಿಣಿಯದೂ ಇದೇ ಕತೆ. ‘ವಿ’ ಆಕಾರದ ಗುಂಪಿನಲ್ಲಿ ಎಲ್ಲಕ್ಕಿಂತ ಹೊಳೆಯುವ ಕೆಂಪು ನಕ್ಷತ್ರವೇ ರೋಹಿಣಿ. ನೋಡಿದರೆ ಅದೇ ಗುಂಪಿನ ಯಜಮಾನನಂತಿದೆ. ಆದರೆ ಗುಂಪು ಇರುವುದು ಸುಮಾರು 150 ಜ್ಯೋತಿರ್ವರ್ಷ ದೂರದಲ್ಲಿ, ರೋಹಿಣಿ ಇರುವುದು ಸುಮಾರು 65 ಜ್ಯೋತಿರ್ವರ್ಷ ದೂರದಲ್ಲಿ. ಒಂದು ಜ್ಯೋತಿರ್ವರ್ಷವೆಂದರೆ ಬೆಳಕು ಒಂದು ವರ್ಷದಲ್ಲಿ ಸಾಗುವ ದೂರ. ರೋಹಿಣಿಗೂ ಗುಂಪಿಗೂ ಸಂಬಂಧವೇ ಇಲ್ಲ. ಅದು ದಾರಿಯಲ್ಲಿ ಅಡ್ಡ ನಿಂತಿದೆ, ಅಷ್ಟೆ.

ರೈಲಿನ ಕಿಟಕಿ ಮತ್ತು ಜಾತ್ರೆಯ ಜನ

ನಿಜವಾದ ಗುಚ್ಛವನ್ನು ಗುರುತಿಸಲು ಎರಡು ಸಂಗತಿ ತಿಳಿಯಬೇಕು. ನಕ್ಷತ್ರ ಎಷ್ಟು ದೂರದಲ್ಲಿದೆ? ಅದು ಯಾವ ಕಡೆಗೆ ಎಷ್ಟು ವೇಗವಾಗಿ ಸಾಗುತ್ತಿದೆ?

ರಾಮನಗರದಿಂದ ಚನ್ನಪಟ್ಟಣಕ್ಕೆ ರೈಲಿನಲ್ಲಿ ಹೋಗುವಾಗ ಕಿಟಕಿಯಿಂದ ನೋಡಿ. ಹಳಿಯ ಪಕ್ಕದ ತೆಂಗಿನ ಮರಗಳು ಸರ್ರನೆ ಹಿಂದಕ್ಕೆ ಓಡುತ್ತವೆ. ದೂರದ ಬೆಟ್ಟ ನಿಧಾನವಾಗಿ ಸರಿಯುತ್ತದೆ. ಎಷ್ಟು ಸರಿಯಿತು ಎಂಬುದರಿಂದ ಎಷ್ಟು ದೂರವಿದೆ ಎಂದು ಹೇಳಬಹುದು. ಭೂಮಿಯೇ ನಮ್ಮ ರೈಲು. ಆರು ತಿಂಗಳಲ್ಲಿ ಅದು ಸೂರ್ಯನ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ, ಸುಮಾರು 30 ಕೋಟಿ ಕಿಲೋಮೀಟರ್ ಆಚೆಗೆ ಹೋಗಿರುತ್ತದೆ. ಆಗ ಹತ್ತಿರದ ನಕ್ಷತ್ರಗಳು ದೂರದವುಗಳ ಮುಂದೆ ತುಸು ಸರಿದಂತೆ ಕಾಣುತ್ತವೆ. ಈ ಸರಿತಕ್ಕೆ ಪ್ಯಾರಲಾಕ್ಸ್ ಎನ್ನುತ್ತಾರೆ.

ಇದಲ್ಲದೆ ನಕ್ಷತ್ರಗಳಿಗೆ ಅವುಗಳದೇ ಚಲನೆಯೂ ಇದೆ. ಮಾಗಡಿ ರಂಗನಾಥಸ್ವಾಮಿಯ ತೇರಿನ ದಿನ ಎತ್ತರದ ಜಾಗದಲ್ಲಿ ನಿಂತು ಜನಸಾಗರವನ್ನು ನೋಡಿದರೆ ಯಾರು ಯಾರ ಕಡೆಯವರೆಂದು ತಿಳಿಯುವುದಿಲ್ಲ. ಆದರೆ ಸ್ವಲ್ಪ ಹೊತ್ತು ಗಮನವಿಟ್ಟು ನೋಡಿ. ಅಜ್ಜಿ, ಮಗ, ಸೊಸೆ, ಎರಡು ಮಕ್ಕಳು, ನೂಕುನುಗ್ಗಲಿನಲ್ಲಿ ಅಷ್ಟಿಷ್ಟು ದೂರವಾದರೂ ಒಂದೇ ದಿಕ್ಕಿಗೆ ಒಂದೇ ವೇಗದಲ್ಲಿ ಹೋಗುತ್ತಿರುತ್ತಾರೆ. ಒಂದು ಮನೆಯವರೆಂದು ಹೇಳಲು ಅಷ್ಟು ಸಾಕು. ಮುಖ ನೋಡಬೇಕಾಗಿಲ್ಲ, ನಡಿಗೆ ನೋಡಿದರಾಯಿತು.

ಕಷ್ಟವೆಂದರೆ ನಕ್ಷತ್ರಗಳ ಈ ನಡಿಗೆ ನಮಗೆ ಅತ್ಯಂತ ಸಣ್ಣದಾಗಿ ಕಾಣುತ್ತದೆ. ಅದನ್ನು ಅಳೆಯಲೆಂದೇ ಯುರೋಪಿನ ಬಾಹ್ಯಾಕಾಶ ಸಂಸ್ಥೆ 2013ರ ಡಿಸೆಂಬರ್ 19ರಂದು ಗಯ ಎಂಬ ಉಪಗ್ರಹವನ್ನು ಹಾರಿಸಿತು. ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿ ನಿಂತು, ತನ್ನ ಸುತ್ತ ನಿಧಾನವಾಗಿ ತಿರುಗುತ್ತ ಅದು 2014ರ ಜುಲೈನಿಂದ 2025ರ ಜನವರಿವರೆಗೆ ಇಡೀ ಆಕಾಶವನ್ನು ಮತ್ತೆ ಮತ್ತೆ ಅಳೆಯಿತು. ಅದರ ಅಳತೆಯ ಸೂಕ್ಷ್ಮತೆ ಎಷ್ಟೆಂದರೆ ಚಂದ್ರನ ಮೇಲಿಟ್ಟ ಒಂದು ನಾಣ್ಯ ಭೂಮಿಯಿಂದ ಎಷ್ಟು ಸಣ್ಣದಾಗಿ ಕಂಡೀತೋ ಸುಮಾರು ಅಷ್ಟು ಸಣ್ಣ ಕೋನದವರೆಗೆ. 2025ರ ಮಾರ್ಚ್ ತಿಂಗಳಲ್ಲಿ ಅದನ್ನು ಶಾಶ್ವತವಾಗಿ ನಿಲ್ಲಿಸಲಾಯಿತು. 2022ರಲ್ಲಿ ಹೊರಬಂದ ಅದರ ಮೂರನೆಯ ಕಂತಿನ ಪಟ್ಟಿಯಲ್ಲಿ ಸುಮಾರು 180 ಕೋಟಿ ಕಾಯಗಳಿವೆ.

ಈಗ ಹುಡುಕುವ ಕೆಲಸ ಹೀಗೆ ನಡೆಯುತ್ತದೆ. ಒಂದೊಂದು ನಕ್ಷತ್ರಕ್ಕೂ ಐದು ಅಂಕಿಗಳಿವೆ. ಆಕಾಶದಲ್ಲಿನ ಸ್ಥಾನಕ್ಕೆ ಎರಡು, ದೂರಕ್ಕೆ ಒಂದು, ಚಲನೆಗೆ ಎರಡು. ಈ ಐದೂ ಅಂಕಿಗಳಲ್ಲಿ ಒಂದಕ್ಕೊಂದು ಹತ್ತಿರವಿರುವ ನಕ್ಷತ್ರಗಳ ದಟ್ಟಣೆ ಎಲ್ಲಿದೆ ಎಂದು ಕಂಪ್ಯೂಟರ್ ಜಾಲಾಡುತ್ತದೆ. ಸಿಕ್ಕಿದ್ದಕ್ಕೆ ಇನ್ನೊಂದು ಪರೀಕ್ಷೆ ಉಂಟು. ಅವುಗಳ ಬಣ್ಣ ಮತ್ತು ಪ್ರಕಾಶವನ್ನು ನಕ್ಷೆ ಮಾಡಿದಾಗ ಒಂದೇ ವಯಸ್ಸಿನವು ಎಂದು ತೋರಬೇಕು. ತೋರದಿದ್ದರೆ ಅವು ರಾಗಿ ಕಾಳುಗಳೇ.

ಲುಬ್ಧಕನ ಮರೆಯಲ್ಲಿದ್ದದ್ದು

ಗಯ ತಂದ ಮೊದಲ ಸೋಜಿಗಗಳಲ್ಲಿ ಒಂದು ಲುಬ್ಧಕ ನಕ್ಷತ್ರದ ಪಕ್ಕದಲ್ಲೇ ಇತ್ತು. ಲುಬ್ಧಕ ರಾತ್ರಿಯ ಆಕಾಶದಲ್ಲಿ ಎಲ್ಲಕ್ಕಿಂತ ಪ್ರಕಾಶಮಾನ ನಕ್ಷತ್ರ. ಸಾವಿರಾರು ವರ್ಷಗಳಿಂದ ಮನುಷ್ಯ ಅದನ್ನು ನೋಡುತ್ತ ಬಂದಿದ್ದಾನೆ. 2017ರಲ್ಲಿ ಸೆರ್ಗೆಯ್ ಕೊಪೊಸೊವ್ ಮತ್ತು ಸಂಗಡಿಗರು ಗಯದ ಮೊದಲ ಪಟ್ಟಿಯನ್ನು ಪರಿಶೀಲಿಸುವಾಗ ಲುಬ್ಧಕನ ಪಕ್ಕದಲ್ಲಿ, ಹುಣ್ಣಿಮೆ ಚಂದ್ರನ ಅಗಲದ ಸುಮಾರು ಮೂರನೇ ಒಂದು ಭಾಗದಷ್ಟು ಅಂತರದಲ್ಲಿ, ಒಂದು ದೊಡ್ಡ ತಾರಾಗುಚ್ಛ ಸಿಕ್ಕಿತು. ಅದಕ್ಕೆ ಗಯ 1 ಎಂದು ಹೆಸರಿಟ್ಟರು. ದೂರ ಸುಮಾರು 15 ಸಾವಿರ ಜ್ಯೋತಿರ್ವರ್ಷ. ಲುಬ್ಧಕ ಇರುವುದು ಬರೀ 8.6 ಜ್ಯೋತಿರ್ವರ್ಷ ದೂರದಲ್ಲಿ. ಎದುರಿನಿಂದ ಬರುವ ಲಾರಿಯ ದೀಪ ಕಣ್ಣಿಗೆ ಹೊಡೆದಾಗ ಅದರ ಹಿಂದೆ ಬರುವ ಸೈಕಲ್ ಕಾಣದ ಹಾಗೆ ಈ ಗುಚ್ಛ ಇಷ್ಟು ಕಾಲ ಯಾರಿಗೂ ಕಂಡಿರಲಿಲ್ಲ. ಎಲ್ಲರೂ ನೋಡಿದ ಜಾಗದಲ್ಲೇ ಯಾರೂ ನೋಡದ್ದು ಇತ್ತು.

ಆಮೇಲೆ ಸುಗ್ಗಿಯೇ ಆಯಿತು. 2018ರಲ್ಲಿ ಬಂದ ಎರಡನೆಯ ಪಟ್ಟಿಯಿಂದ ಬಾರ್ಸಿಲೋನಾದ ತಂಡವೊಂದು 2020ರಲ್ಲಿ ಒಂದೇ ಸಲಕ್ಕೆ 582 ಹೊಸ ಗುಚ್ಛಗಳನ್ನು ವರದಿ ಮಾಡಿತು. ಕೊರಿಯಾದ ತಂಡವೊಂದು 2019ರಲ್ಲಿ, ಕಂಪ್ಯೂಟರ್ ಬಿಡಿಸಿದ ನಕ್ಷೆಗಳನ್ನು ಕಣ್ಣಿನಿಂದಲೇ ಒಂದೊಂದಾಗಿ ನೋಡಿ 207 ಹೊಸ ಗುಚ್ಛಗಳನ್ನು ಹೆಕ್ಕಿತು. 2023ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನ ಎಮಿಲಿ ಹಂಟ್ ಮತ್ತು ಸಬೀನ್ ರೆಫರ್ಟ್ ಪ್ರಕಟಿಸಿದ ಪಟ್ಟಿಯಲ್ಲಿ 7,167 ಗುಂಪುಗಳಿದ್ದವು. ಅವುಗಳಲ್ಲಿ 2,387 ಹೊಸವು. ಗಯ ಬರುವ ಮುಂಚೆ ನಾಲ್ಕು ಶತಮಾನಗಳಲ್ಲಿ ಪಟ್ಟಿಗೆ ಸೇರಿದ್ದದ್ದು ಮೂರು ಸಾವಿರದ ಆಸುಪಾಸು.

ಮುಂದೆ ನಡೆದದ್ದು ಇನ್ನೂ ಮುಖ್ಯ. ಅದೇ ಇಬ್ಬರು ವಿಜ್ಞಾನಿಗಳು ಮರುವರ್ಷವೇ ತಮ್ಮ ಪಟ್ಟಿಯನ್ನು ತಾವೇ ಇನ್ನೊಮ್ಮೆ ಜರಡಿ ಹಿಡಿದರು. ಒಟ್ಟಿಗೆ ಸಾಗುತ್ತಿರುವುದು ಬೇರೆ, ಗುರುತ್ವದಿಂದ ಕಟ್ಟಿಕೊಂಡಿರುವುದು ಬೇರೆ ಎಂದು ಪರೀಕ್ಷಿಸಿದಾಗ 5,647 ಗುಂಪುಗಳು ಮಾತ್ರ ತೆರೆದ ಗುಚ್ಛ ಎನ್ನಲು ಯೋಗ್ಯವೆಂದು ತೀರ್ಮಾನಿಸಿದರು. ನಮಗೆ ತೀರ ಹತ್ತಿರದ, ಸುಮಾರು 800 ಜ್ಯೋತಿರ್ವರ್ಷಗಳ ಒಳಗಿನ ಗುಂಪುಗಳಲ್ಲಂತೂ ನೂರಕ್ಕೆ 11 ಮಾತ್ರ ಉಳಿದವು. ಉಳಿದವು ಹುಟ್ಟಿನಿಂದ ಜೊತೆಯಾಗಿ ಬಂದಿದ್ದರೂ ಈಗ ಬಿಡಿಬಿಡಿಯಾಗಿ ಚದುರುತ್ತಿರುವಂಥವು. ತಾವೇ ಮಾಡಿದ ಪಟ್ಟಿಯಿಂದ ಸಾವಿರದ ಐನೂರನ್ನು ತಾವೇ ಹೊಡೆದುಹಾಕುವುದಕ್ಕೆ ಧೈರ್ಯ ಬೇಕು. ಹೊಸದನ್ನು ಕಂಡೆ ಎಂದು ಹೇಳುವುದಷ್ಟೇ ವಿಜ್ಞಾನವಲ್ಲ. ಕಂಡದ್ದು ತಪ್ಪಿರಬಹುದೇ ಎಂದು ಎಲ್ಲರಿಗಿಂತ ಮೊದಲು ತಾನೇ ಕೇಳಿಕೊಳ್ಳುವುದು ವಿಜ್ಞಾನ. ಪರೀಕ್ಷೆಯ ಉತ್ತರ ಪತ್ರಿಕೆ ಕೊಡುವ ಮುನ್ನ ಇನ್ನೊಮ್ಮೆ ನೋಡು ಎಂದು ಮನೆಯಲ್ಲಿ ಹೇಳಿಕಳಿಸುವುದೂ ಇದನ್ನೇ ಅಲ್ಲವೇ?

ಬೆಂಗಳೂರಿನ ಪಾಲು

ಗುಚ್ಛ ಸಿಕ್ಕ ಮೇಲೆ ಅದರೊಳಗೆ ಇಣುಕುವ ಕೆಲಸ ಶುರುವಾಗುತ್ತದೆ. ಇದರಲ್ಲಿ ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಗೆ ಒಳ್ಳೆಯ ಹೆಸರಿದೆ. ತಮಿಳುನಾಡಿನ ಕಾವಲೂರಿನ ವೀಕ್ಷಣಾಲಯವೂ ಲಡಾಖಿನ ಹಾನ್ಲೆಯ ಎರಡು ಮೀಟರ್ ದೂರದರ್ಶಕವೂ ಈ ಸಂಸ್ಥೆಯವೇ. ಹಾನ್ಲೆಯ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುವುದು ಹೊಸಕೋಟೆಯಿಂದ.

2015ರ ಸೆಪ್ಟೆಂಬರ್ 28ರಂದು ಇಸ್ರೋ ಹಾರಿಸಿದ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿ ಅತಿನೇರಳೆ ಕಿರಣಗಳಲ್ಲಿ ನೋಡುವ ದೂರದರ್ಶಕವೊಂದಿದೆ. ಅದನ್ನು ಜೋಡಿಸಿದ್ದೂ ಹೊಸಕೋಟೆಯಲ್ಲೇ. ಅನ್ನಪೂರ್ಣಿ ಸುಬ್ರಮಣಿಯಂ ಮತ್ತು ಸಂಗಡಿಗರು ಆ ದೂರದರ್ಶಕದಿಂದ ಹಳೆಯ ಗುಚ್ಛವಾದ ಎನ್‌ಜಿಸಿ 188ನ್ನು ನೋಡಿದರು. ಮುದುಕರ ಆ ಗುಂಪಿನಲ್ಲಿ ಕೆಲವು ನಕ್ಷತ್ರಗಳು ಮಾತ್ರ ಹರೆಯದವರಂತೆ ನೀಲಿಯಾಗಿ ಹೊಳೆಯುತ್ತಿದ್ದವು. ಒಂದೇ ಹಾಳೆಯ ಹುಳುಗಳಲ್ಲಿ ಹೀಗೇಕೆ? 2016ರಲ್ಲಿ ಅವರು ಅಂಥ ಒಂದು ನಕ್ಷತ್ರದ ಪಕ್ಕದಲ್ಲಿ, ಅತಿನೇರಳೆಯಲ್ಲಿ ಮಾತ್ರ ಎದ್ದುಕಾಣುವ ಬಿಸಿಯಾದ ಜೊತೆಗಾರನನ್ನು ಗುರುತಿಸಿದರು. ಸಾಯುವ ಹಂತಕ್ಕೆ ಬಂದ ಆ ಜೊತೆಗಾರ ತನ್ನ ದ್ರವ್ಯವನ್ನು ಪಕ್ಕದವನಿಗೆ ಸುರಿದಿದ್ದರಿಂದ ಪಕ್ಕದವನಿಗೆ ಹರೆಯ ಮರಳಿತ್ತು. ತಾರಾಗುಚ್ಛಗಳ ಮೇಲೆಯೇ ಸಂಶೋಧನೆ ಮಾಡಿ ಇದೇ ಸಂಸ್ಥೆಯಲ್ಲಿ ಬೆಳೆದ ಅನ್ನಪೂರ್ಣಿ ಅವರು 2019ರಲ್ಲಿ ಅದರ ನಿರ್ದೇಶಕರಾದರು.

ನಮ್ಮ ಮಕ್ಕಳಿಗೂ ತೆರೆದ ಪಟ್ಟಿ

ದೊಡ್ಡ ದೂರದರ್ಶಕ ಇದ್ದವರಿಗೆ ಮಾತ್ರ ಆಕಾಶ ಎಂಬ ಕಾಲ ಈಗಿಲ್ಲ. ಗಯದ ಪಟ್ಟಿ ಯಾರೂ ಉಚಿತವಾಗಿ ನೋಡಬಹುದಾದದ್ದು. ಅದಕ್ಕೆ ಶುಲ್ಕವಿಲ್ಲ, ಶಿಫಾರಸು ಬೇಕಿಲ್ಲ. ಹೈಡೆಲ್‌ಬರ್ಗಿನಲ್ಲಿ ಕುಳಿತವರ ಮುಂದಿರುವ ಅಂಕಿಗಳೇ ಕನಕಪುರದ ಕಾಲೇಜು ಹುಡುಗಿಯ ಮುಂದೆಯೂ ಇವೆ. ವೃತ್ತಿಯಿಂದ ಖಗೋಳ ವಿಜ್ಞಾನಿಗಳಲ್ಲದವರೂ ಈ ಕೆಲಸ ಮಾಡಿದ್ದಾರೆ. ಆಸ್ಟ್ರಿಯಾದ ಹವ್ಯಾಸಿ ಮಥಿಯಾಸ್ ಕ್ರೋನ್‌ಬರ್ಗರ್ ಮತ್ತು ಸಂಗಡಿಗರು ಗಯಕ್ಕಿಂತ ಎಷ್ಟೋ ಮುಂಚೆ, 2006ರಲ್ಲಿ, ಎಲ್ಲರಿಗೂ ಲಭ್ಯವಿದ್ದ ಆಕಾಶದ ಚಿತ್ರಗಳನ್ನೇ ತಾಳ್ಮೆಯಿಂದ ಹುಡುಕಿ, ಗುಚ್ಛಗಳಾಗಿರಬಹುದಾದ 66 ಗುಂಪುಗಳನ್ನು ಪ್ರಕಟಿಸಿದರು. ಗಯದ ನಾಲ್ಕನೆಯ ಕಂತು ಇನ್ನೂ ಹೆಚ್ಚು ನಿಖರವಾಗಿರುತ್ತದೆ. ಹೊಸ ಗುಚ್ಛಗಳೂ, ಪಟ್ಟಿಯಿಂದ ತೆಗೆಯಬೇಕಾದ ಸುಳ್ಳು ಗುಚ್ಛಗಳೂ ಅದರಲ್ಲಿ ಕಾದಿವೆ.

ಇದಕ್ಕೆ ಬೇಕಾದದ್ದು ಪಿಯುಸಿಯ ಗಣಿತ ಮತ್ತು ಭೌತವಿಜ್ಞಾನ ಗಟ್ಟಿಯಾಗಿರುವುದು, ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವ ಅಭ್ಯಾಸ, ಜೊತೆಗೆ ಅವಸರವಿಲ್ಲದ ಮನಸ್ಸು. ಬೆಂಗಳೂರಿನಲ್ಲಿ 1989ರಲ್ಲಿ ಆರಂಭವಾದ ಜವಾಹರಲಾಲ್ ನೆಹರೂ ತಾರಾಲಯವು ಶಾಲಾ ಮಕ್ಕಳಿಗೂ ಬಿಎಸ್ಸಿ ಓದುವವರಿಗೂ ಪಾಠಗಳನ್ನು ನಡೆಸಿಕೊಂಡು ಬಂದಿದೆ. ಮಗ ಅಥವಾ ಮಗಳು ಪಿಯುಸಿ ಆದ ಮೇಲೆ ಬಿಎಸ್ಸಿ ಓದುತ್ತೇನೆ ಎಂದರೆ ಅನೇಕ ಮನೆಗಳಲ್ಲಿ ಮುಖ ಸಪ್ಪೆಯಾಗುತ್ತದೆ. ಎಂಜಿನಿಯರಿಂಗ್ ಸೀಟು ಸಿಗದವರ ದಾರಿ ಅದು ಎಂಬ ಭಾವನೆ ಇನ್ನೂ ಹೋಗಿಲ್ಲ. ಬೇರೆಯವರು ಸೀಟು ಹಿಡಿಯಲು ಓಡುತ್ತಿರುವಾಗ ಒಂದು ಪ್ರಶ್ನೆಯನ್ನು ಹಿಡಿದು ಕೂರುವ ಮಗುವನ್ನು ದಂಡಪಿಂಡ ಎಂದುಕೊಳ್ಳುವ ಮೊದಲು ತಂದೆತಾಯಿ ಒಮ್ಮೆ ಯೋಚಿಸುವುದು ಒಳ್ಳೆಯದು. ಆಕಾಶದ ಪಟ್ಟಿಗಳನ್ನು ತಿದ್ದಿದವರೆಲ್ಲ ಹಾಗೆ ಕುಳಿತವರೇ.

ಒಂದೇ ಮರದ ಬೊಂಬೆಗಳು

ಕೊನೆಗೆ ಒಂದು ಪ್ರಶ್ನೆ ಉಳಿಯುತ್ತದೆ. ನಕ್ಷತ್ರಗಳು ಗುಂಪಿನಲ್ಲಿ ಹುಟ್ಟುವುದಾದರೆ ನಮ್ಮ ಸೂರ್ಯನ ಒಡಹುಟ್ಟಿದವರು ಎಲ್ಲಿ? ಸೂರ್ಯನೂ 460 ಕೋಟಿ ವರ್ಷಗಳ ಹಿಂದೆ ಒಂದು ಗುಂಪಿನಲ್ಲೇ ಹುಟ್ಟಿರಬೇಕು ಎಂದು ವಿಜ್ಞಾನಿಗಳು ಭಾವಿಸುತ್ತಾರೆ. ಆ ಗುಂಪು ಎಂದೋ ಚದುರಿಹೋಯಿತು. ಈಗ ಅವರ ನಡಿಗೆಯಿಂದಲೂ ಗುರುತು ಹಿಡಿಯುವುದು ಕಷ್ಟ.

ಚನ್ನಪಟ್ಟಣದಲ್ಲಿ ಒಂದೇ ಹಾಲೆ ಮರದ ತುಂಡಿನಿಂದ ಕಡೆದ ಬೊಂಬೆಗಳು ಒಂದು ಮೈಸೂರಿಗೆ, ಒಂದು ದೆಹಲಿಗೆ, ಇನ್ನೊಂದು ವಿದೇಶಕ್ಕೆ ಹೋಗಿರುತ್ತವೆ. ಎಲ್ಲಿಗೆ ಹೋದರೂ ಅರಗಿನ ಬಣ್ಣದ ಒಳಗಿರುವ ಮರ ಒಂದೇ. ನಕ್ಷತ್ರಗಳಲ್ಲೂ ಹಾಗೆಯೇ. ಒಂದೇ ಮೋಡದಲ್ಲಿ ಹುಟ್ಟಿದ ನಕ್ಷತ್ರಗಳಲ್ಲಿ ಧಾತುಗಳ ಪ್ರಮಾಣ ಹೋಲುತ್ತದೆ. ಈ ಗುರುತು ಹಿಡಿದು ಹುಡುಕಿದ ತಂಡವೊಂದು 2014ರಲ್ಲಿ ಎಚ್‌ಡಿ 162826 ಎಂಬ ನಕ್ಷತ್ರ ಸೂರ್ಯನ ಸೋದರನಿರಬಹುದು ಎಂದು ಹೇಳಿತು. ಅದು ಸುಮಾರು 110 ಜ್ಯೋತಿರ್ವರ್ಷ ದೂರದಲ್ಲಿದೆ. ಉಳಿದವರನ್ನು ಯಾರಾದರೂ ಹುಡುಕಬೇಕು.

ಜನವರಿಯ ನಡುವಿನಲ್ಲಿ, ಚಂದ್ರನಿಲ್ಲದ ರಾತ್ರಿ ಎಂಟು ಗಂಟೆಗೆ ಮನೆಯ ಮಾಳಿಗೆ ಹತ್ತಿ. ಬೆಟ್ಟಕ್ಕೆ ಹೋಗುವುದು ಬೇಡ. ಚಿರತೆ, ಆನೆಗಳಿರುವ ಸೀಮೆ ಇದು. ಬೀದಿ ದೀಪಕ್ಕೆ ಬೆನ್ನು ಮಾಡಿ ಕಾಲು ಗಂಟೆ ಕಣ್ಣಿಗೆ ಕತ್ತಲು ಅಭ್ಯಾಸವಾಗಲಿ. ನೆತ್ತಿಯಿಂದ ತುಸು ಉತ್ತರಕ್ಕೆ ಕೃತ್ತಿಕೆ ಕಾಣುತ್ತದೆ. ಸ್ವಲ್ಪ ಪೂರ್ವಕ್ಕೆ ಕೆಂಪು ರೋಹಿಣಿ, ಅದರ ಹಿಂದೆ ಅದಕ್ಕೆ ಸೇರದ ‘ವಿ’ ಗುಂಪು. ಆಗ್ನೇಯದಲ್ಲಿ ಝಗಝಗಿಸುವ ಲುಬ್ಧಕ. ಬೈನಾಕ್ಯುಲರ್ ಇದ್ದರೆ ಕೃತ್ತಿಕೆಯ ಆರು ಹತ್ತಾರಾಗುತ್ತವೆ. ಅಲ್ಲಿಂದ ಈಗ ಬರುತ್ತಿರುವ ಬೆಳಕು ಹೊರಟು ಸುಮಾರು 440 ವರ್ಷಗಳಾದವು. ಕೆಂಪೇಗೌಡರ ವಂಶದವರು ಬೆಂಗಳೂರನ್ನು ಆಳುತ್ತಿದ್ದ ಕಾಲ ಅದು. ಬೆಂಗಳೂರಿನ ದೀಪಗಳ ಬೆಳಕು ವರ್ಷದಿಂದ ವರ್ಷಕ್ಕೆ ಈ ಕಡೆಯ ಆಕಾಶಕ್ಕೂ ಹರಡುತ್ತಿದೆ. ಮೊಮ್ಮಗಳಿಗೆ ಕೃತ್ತಿಕೆಯನ್ನು ತೋರಿಸುವುದಿದ್ದರೆ ತಾತ ಈ ವರ್ಷವೇ ತೋರಿಸಲಿ.